ಶಾಲೆಯ ಬಾಗಿಲು, ಮನೆಯ ಬಾಗಿಲು

(ಪೋಷಕರ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮುದಾಯದ ಶಿಕ್ಷಣದ ಕುರಿತು ನಡೆಯುವ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಭಾಷಣಗಳು ಕೇಳಿಬರುತ್ತವೆ. ಸರಕಾರ ನಮ್ಮನ್ನು ಕಡೆಗಣಿಸಿದೆ ಎಂಬುದು ಒಂದು. ನಮ್ಮವರಿಗೇ ಶಿಕ್ಷಣದ ಬೆಲೆ ತಿಳಿದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಚಪ್ಪಾಳೆ ಬೀಳುತ್ತದೆ, ಎರಡನೆಯದಕ್ಕೆ ನಿಟ್ಟುಸಿರು ಬರುತ್ತದೆ. ಸಭೆ ಮುಗಿದ ಬಳಿಕ ಎಲ್ಲವೂ ಎಂದಿನಂತೆಯೇ ಸಾಗುತ್ತದೆ. ನಾವೂ ಈ ಎರಡೂ ಭಾಷಣಗಳನ್ನು ಹಲವು ಬಾರಿ ಮಾಡಿದವರೇ. ಆದ್ದರಿಂದ ಇಂದು ಅವೆರಡನ್ನೂ ಬದಿಗಿಟ್ಟು, ಅಳೆದು ನೋಡಿದವರು ಏನನ್ನು ಕಂಡುಕೊಂಡಿದ್ದಾರೆ ಎಂಬುದನ್ನು ತಮ್ಮ ಮುಂದಿಡಬಯಸುತ್ತೇವೆ.

ಅದಕ್ಕೂ ಮುನ್ನ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ನಾವು ಮದ್ರಸದ ಚಾಪೆಯ ಮೇಲೆಯೂ ಕಾಲೇಜಿನ ಬೆಂಚಿನ ಮೇಲೆಯೂ ಕುಳಿತು ಕಲಿತವರು. ನಮ್ಮ ಅಕ್ಕ ನಮಗಿಂತ ಜಾಣೆ. ಆಕೆ ಏಳನೆಯ ತರಗತಿ ಮುಗಿಸಿದಾಗ ಹೈಸ್ಕೂಲು ಮನೆಯಿಂದ 4 ಕಿಲೋಮೀಟರ್ ದೂರದಲ್ಲಿತ್ತು. ಕೆಲವು ವರ್ಷಗಳ ಬಳಿಕ ಅದೇ ದೂರಕ್ಕೆಂದು ತಂದೆಯವರು ನಮಗೊಂದು ಸೈಕಲ್ ಕೊಡಿಸಿದರು. ಅಕ್ಕನಿಗೆ ಕೊಡಿಸಿದ್ದು ಹೊಲಿಗೆ ಯಂತ್ರ. ಇದಕ್ಕೆ ಹೊಣೆ ಯಾರು? ಹತ್ತಿರದಲ್ಲಿ ಹೈಸ್ಕೂಲು ತೆರೆಯದ ಸರಕಾರವೇ? ಮಗನಿಗೊಂದು, ಮಗಳಿಗೊಂದು ಲೆಕ್ಕ ಹಾಕಿದ ಮನೆಯೇ? ನಮ್ಮನ್ನು ಬಹುಕಾಲ ಕಾಡಿದ ಈ ಪ್ರಶ್ನೆಗೆ ಉತ್ತರದ ಎಳೆಯೊಂದು ಸಿಕ್ಕಿದ್ದು ಇಂಡೋನೇಷ್ಯಾದಿಂದ.

ಜನಸಂಖ್ಯೆಯಲ್ಲಿ ಮುಸ್ಲಿಮರೇ ಬಹುಪಾಲಿರುವ ಆ ದೇಶದಲ್ಲಿ 1970ರ ದಶಕದ ಆರಂಭದಲ್ಲಿ ಶಾಲೆಗಳ ತೀವ್ರ ಕೊರತೆಯಿತ್ತು. 1973ರಲ್ಲಿ ತೈಲದ ಬೆಲೆ ಏರಿತು. ಸರಕಾರದ ಬೊಕ್ಕಸ ತುಂಬಿತು. ಅಧ್ಯಕ್ಷ ಸುಹಾರ್ತೊ ಅವರ ಆಳ್ವಿಕೆ ಸರ್ವಾಧಿಕಾರಿಯದು. ಅವರ ಕಾಲದ ದಮನ ಮತ್ತು ಭ್ರಷ್ಟಾಚಾರಗಳು ಇತಿಹಾಸದಲ್ಲಿ ದಾಖಲಾಗಿವೆ. ಆದರೆ ಆ ಹಣದ ಒಂದು ಪಾಲನ್ನು ಅವರು ಪ್ರಾಥಮಿಕ ಶಾಲೆಗಳಿಗೆ ಸುರಿದರೆಂಬುದೂ ಸತ್ಯವೇ. ಅಧ್ಯಕ್ಷರ ವಿಶೇಷ ಆದೇಶದ ಮೂಲಕ ಜಾರಿಗೆ ಬಂದ ಈ ಯೋಜನೆಯನ್ನು ಅಲ್ಲಿನವರು ‘ಇನ್‌ಪ್ರೆಸ್’ ಎಂದು ಕರೆದರು. 1973-74 ಮತ್ತು 1978-79ರ ನಡುವೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಎದ್ದು ನಿಂತವು. ಒಂದೊಂದು ಶಾಲೆಯೂ 3 ಮಂದಿ ಶಿಕ್ಷಕರಿಗೆ ಮತ್ತು 120 ಮಕ್ಕಳಿಗೆಂದು ರೂಪಿಸಿದ್ದಾಗಿತ್ತು. 7ರಿಂದ 12 ವರ್ಷದ ಮಕ್ಕಳ ಪೈಕಿ 1973ರಲ್ಲಿ ಶೇ. 69ರಷ್ಟು ಮಂದಿ ಶಾಲೆಯಲ್ಲಿದ್ದರೆ, 1978ರ ವೇಳೆಗೆ ಅದು ಶೇ. 83ಕ್ಕೇರಿತು.

ಸಂಖ್ಯೆಗಿಂತ ಮುಖ್ಯವಾದುದು ಹಂಚಿಕೆಯ ನಿಯಮ. 1972ರಲ್ಲಿ ಯಾವ ಜಿಲ್ಲೆಯಲ್ಲಿ ಶಾಲೆಗೆ ಸೇರದ ಮಕ್ಕಳು ಹೆಚ್ಚಿದ್ದರೋ ಆ ಜಿಲ್ಲೆಗೆ ಹೆಚ್ಚು ಶಾಲೆಗಳು ಸಿಗಬೇಕೆಂಬುದು ಆ ನಿಯಮ. ಶಾಸಕರ ಪ್ರಭಾವ ನೋಡಿಯಾಗಲಿ, ಜನರ ಬೇಡಿಕೆಯ ಸದ್ದು ಕೇಳಿಯಾಗಲಿ ಅಲ್ಲ, ಹೊರಗುಳಿದ ಮಕ್ಕಳ ತಲೆ ಎಣಿಸಿ ಶಾಲೆಗಳನ್ನು ಹಂಚಲು ಅದು ಹೇಳಿತ್ತು. ಈ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ. ಭಾಷಣದ ಕೊನೆಯಲ್ಲಿ ನಾವು ಮತ್ತೆ ಅದರ ಬಳಿಗೆ ಬರಲಿದ್ದೇವೆ.

ಶಾಲೆ ಕಟ್ಟಿದ್ದರಿಂದ ಜನರ ಬದುಕು ನಿಜಕ್ಕೂ ಬದಲಾಯಿತೇ? ಹಾಗೆ ಹೇಳುವುದು ಸುಲಭ, ಸಾಬೀತುಪಡಿಸುವುದು ಕಷ್ಟ. ಅದೇ ವರ್ಷಗಳಲ್ಲಿ ದೇಶವೂ ಸಿರಿವಂತವಾಗುತ್ತಿತ್ತು, ರಸ್ತೆಗಳು ಬರುತ್ತಿದ್ದವು. ಒಳಿತು ಯಾವುದರಿಂದ ಆಯಿತೆಂದು ತಿಳಿಯುವುದು ಹೇಗೆ? ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಸರಳ ಉಪಾಯವಿದೆ. (ಇವರು 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಮೈಕಲ್ ಕ್ರೆಮರ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು.) ಒಂದು ಮನೆಯಲ್ಲಿ ಅಣ್ಣ ತಮ್ಮಂದಿರಿದ್ದಾರೆಂದು ಭಾವಿಸಿ. ಊರಿಗೆ ಶಾಲೆ ಬಂದಾಗ ಅಣ್ಣನಿಗೆ ಪ್ರಾಥಮಿಕ ಶಾಲೆಯ ವಯಸ್ಸು ದಾಟಿತ್ತು. ತಮ್ಮ ಇನ್ನೂ ಪುಟ್ಟವನು. ಇವರಿಬ್ಬರ ಕಲಿಕೆಯಲ್ಲಿನ ಅಂತರವನ್ನು ಹೆಚ್ಚು ಶಾಲೆಗಳು ಬಂದ ಜಿಲ್ಲೆಯಲ್ಲಿ ಒಮ್ಮೆ, ಕಡಿಮೆ ಶಾಲೆಗಳು ಬಂದ ಜಿಲ್ಲೆಯಲ್ಲಿ ಇನ್ನೊಮ್ಮೆ ಅಳೆಯಿರಿ. ದೇಶದ ಪ್ರಗತಿಯ ಲಾಭ ಎರಡೂ ಕಡೆಯ ತಮ್ಮಂದಿರಿಗೆ ಸಿಕ್ಕಿರುತ್ತದೆ. ಹೆಚ್ಚು ಶಾಲೆಗಳು ಬಂದ ಕಡೆ ಅಂತರವೂ ಹೆಚ್ಚಾಗಿ ಕಂಡರೆ ಆ ಹೆಚ್ಚಳ ಶಾಲೆಯ ಕೊಡುಗೆ. 1974ರಲ್ಲಿ 2ರಿಂದ 6 ವರ್ಷದವರಾಗಿದ್ದವರನ್ನು 12ರಿಂದ 17 ವರ್ಷದವರಾಗಿದ್ದವರೊಂದಿಗೆ ಡುಫ್ಲೋ ಹೀಗೆ ಹೋಲಿಸಿದರು.

ಫಲಿತಾಂಶ ಹೀಗಿದೆ: ಪ್ರತಿ 1,000 ಮಕ್ಕಳಿಗೆ ಒಂದು ಶಾಲೆ ಹೆಚ್ಚಾದರೆ ಆ ಹುಡುಗರ ಕಲಿಕೆಯ ಅವಧಿ ಸರಾಸರಿ 0.12ರಿಂದ 0.19 ವರ್ಷದಷ್ಟು ಹೆಚ್ಚಿತು; ದೊಡ್ಡವರಾದ ಮೇಲೆ ಅವರ ವೇತನ ಶೇ. 1.5ರಿಂದ 2.7ರಷ್ಟು ಏರಿತು. ಕೇಳಲು ಅಲ್ಪವೆನಿಸಬಹುದು. ಆದರೆ ಇದು ಶಾಲೆಯ ಮೆಟ್ಟಿಲನ್ನೇ ಹತ್ತದವರನ್ನೂ ಸೇರಿಸಿಕೊಂಡು ತೆಗೆದ ಸರಾಸರಿ. ಒಬ್ಬ ಹುಡುಗ ಆರು ವರ್ಷ ಹೆಚ್ಚು ಕಲಿತು, ಹತ್ತಾರು ಮಂದಿ ಎಂದಿನಂತೆಯೇ ಉಳಿದರೂ ಲೆಕ್ಕದಲ್ಲಿ ಕಾಣುವುದು ಇಷ್ಟೇ ಸಣ್ಣ ಅಂಕಿ. ಇದರ ಇನ್ನೊಂದು ಮುಖವನ್ನೂ ಡುಫ್ಲೋ ಮರೆಮಾಚಲಿಲ್ಲ. ಕಲಿತ ಕಿರಿಯರು ದೊಡ್ಡ ಸಂಖ್ಯೆಯಲ್ಲಿ ದುಡಿಮೆಗೆ ಇಳಿದಾಗ ಅದೇ ಪ್ರದೇಶದ ಹಿರಿಯರ ವೇತನ ಕುಗ್ಗಿತೆಂಬುದನ್ನು 2004ರ ಅಧ್ಯಯನದಲ್ಲಿ ಅವರೇ ತೋರಿಸಿದರು. ಒಳ್ಳೆಯ ಯೋಜನೆಗೂ ಬೆಲೆ ತೆರುವವರಿರುತ್ತಾರೆ. ಅದನ್ನು ಮುಚ್ಚಿಡದಿರುವುದೇ ಪ್ರಾಮಾಣಿಕತೆ.

ಇಷ್ಟು ಕೇಳಿದ ಮೇಲೆ ‘ಸರಕಾರ ಶಾಲೆ ಕಟ್ಟಿದರೆ ಸಾಕು’ ಎನ್ನುವವರ ವಾದ ಗೆದ್ದಂತೆ ತೋರುತ್ತದೆ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸರಕಾರದ ನೀತಿ ಖಾಲಿ ನೆಲದ ಮೇಲೆ ಬೀಳುವುದಿಲ್ಲ. ಅಲ್ಲಿ ಮೊದಲೇ ಮದ್ರಸಗಳಿರುತ್ತವೆ, ಮದುವೆಯ ಕಟ್ಟುಪಾಡುಗಳಿರುತ್ತವೆ, ಮನೆಮನೆಯ ಲೆಕ್ಕಾಚಾರಗಳಿರುತ್ತವೆ. ಜನರ ನಡವಳಿಕೆಯನ್ನು ಹಿಡಿದಿಡುವ ಇಂತಹ ಕಾನೂನು, ಕಟ್ಟುಪಾಡು, ಸಂಪ್ರದಾಯಗಳೆಲ್ಲವನ್ನೂ ಅರ್ಥಶಾಸ್ತ್ರಜ್ಞರು ‘ಸಂಸ್ಥೆಗಳು’ ಎಂದು ಕರೆಯುತ್ತಾರೆ. ಸಂಸ್ಥೆಗಳು ಹೇಗೆ ರೂಪುಗೊಳ್ಳುತ್ತವೆ, ನಾಡಿನ ಏಳಿಗೆಯನ್ನು ಹೇಗೆ ನಿರ್ಧರಿಸುತ್ತವೆ ಎಂಬ ಸಂಶೋಧನೆಗೇ 2024ರ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಇಂಡೋನೇಷ್ಯಾದ ಶಾಲೆಗಳಿಗೂ ಇಂತಹ ಸಂಸ್ಥೆಗಳು ಎದುರಾದವು.

ಮೊದಲು ಮದ್ರಸಗಳನ್ನು ನೋಡೋಣ. ಅಲ್ಲಿ ಮುಹಮ್ಮದೀಯ ಸಂಘಟನೆ 1912ರಿಂದಲೂ ನಹ್ದತುಲ್ ಉಲಮಾ 1926ರಿಂದಲೂ ಇವೆ. ಎರಡೂ ಸಾವಿರಾರು ಶಿಕ್ಷಣ ಸಂಸ್ಥೆಗಳೊಂದಿಗೆ ನಂಟು ಹೊಂದಿವೆ. ಸರಕಾರಿ ಶಾಲೆಗಳ ಮಹಾಪೂರ ಬಂದಾಗ ಮದ್ರಸಗಳು ಮುಚ್ಚಿಹೋಗುತ್ತವೆಂದು ಯಾರಾದರೂ ಊಹಿಸಿದ್ದರೆ ಅದು ಸಹಜವೇ. ಸ್ಯಾಮುಯೆಲ್ ಬಾಝಿ, ಮಸ್ಯುರ್ ಹಿಲ್ಮಿ ಮತ್ತು ಬೆಂಜಮಿನ್ ಮಾರ್ಕ್ಸ್ ಎಂಬ ಸಂಶೋಧಕರು 2020ರಲ್ಲಿ ಹೊರತಂದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಮಕ್ಕಳು ಸರಕಾರಿ ಶಾಲೆಯತ್ತ ಸರಿದದ್ದು ನಿಜ. ಆದರೆ ಪ್ರಾಥಮಿಕ ಶಿಕ್ಷಣ ಮುಗಿಸಿದವರ ಸಂಖ್ಯೆ ಬೆಳೆದಂತೆ ಮುಂದೆ ಓದಬಯಸುವವರೂ ಹೆಚ್ಚಿದರು. ಸರಕಾರ ಕಟ್ಟಿದ್ದು ಪ್ರಾಥಮಿಕ ಶಾಲೆಗಳನ್ನು. ಮೇಲಿನ ಹಂತದ ಆ ಬೇಡಿಕೆಗೆ ದಾರಿ ತೆರೆದದ್ದು ಜನರ ದೇಣಿಗೆಯಿಂದ ಎದ್ದ ಇಸ್ಲಾಮೀ ಪ್ರೌಢಶಾಲೆಗಳು. ಒಟ್ಟಿನಲ್ಲಿ ಧಾರ್ಮಿಕ ಶಿಕ್ಷಣ ಕುಗ್ಗಲಿಲ್ಲ, ಹಿಗ್ಗಿತು.

ಇದಕ್ಕೆ ಪೂರಕವಾದ ಇನ್ನೊಂದು ಬೆಳವಣಿಗೆಯೂ ನಡೆದಿತ್ತು. 1975ರಲ್ಲಿ ಮೂವರು ಸಚಿವರು ಒಟ್ಟಾಗಿ ಹೊರಡಿಸಿದ ಆದೇಶದಂತೆ, ಶೇ. 70ರಷ್ಟು ಸಾಮಾನ್ಯ ವಿಷಯಗಳನ್ನೂ ಶೇ. 30ರಷ್ಟು ಧಾರ್ಮಿಕ ವಿಷಯಗಳನ್ನೂ ಕಲಿಸುವ ಮದ್ರಸದ ಪ್ರಮಾಣಪತ್ರಕ್ಕೆ ಸಾಮಾನ್ಯ ಶಾಲೆಯ ಪ್ರಮಾಣಪತ್ರದ ಮಾನ್ಯತೆ ದೊರೆಯಿತು. ಮದ್ರಸದಿಂದ ಶಾಲೆಗೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿ ತೆರೆಯಿತು. ಮದ್ರಸದಲ್ಲಿ ಕಲಿತು ಆನಂತರ ಪದವಿಗೆಂದು ಕಚೇರಿಯಿಂದ ಕಚೇರಿಗೆ ಅಲೆದ ನಮಗೆ, ಒಂದು ಕಾಗದದ ಮಾನ್ಯತೆಯ ಬೆಲೆಯೇನೆಂದು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಮನೆಯ ಬಾಗಿಲಿಗೆ ಬರೋಣ. ಇನ್‌ಪ್ರೆಸ್ ಶಾಲೆಗಳಿಂದ ಹುಡುಗರಿಗಾದ ಲಾಭ ಸ್ಪಷ್ಟವಿತ್ತು. ಹುಡುಗಿಯರಿಗೆ? ನವಾ ಅಶ್ರಫ್, ನಟಾಲಿ ಬಾವ್, ನೇಥನ್ ನನ್ ಮತ್ತು ಅಲೆಸಾಂಡ್ರಾ ವೊಯೆನಾ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹುಡುಗಿಯರನ್ನು ಒಂದೇ ಗುಂಪಾಗಿ ನೋಡಿದರೆ ಏನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಅವರ ಬುಡಕಟ್ಟಿನ ಮದುವೆ ಪದ್ಧತಿಗೆ ಅನುಸಾರವಾಗಿ ಎರಡು ಗುಂಪು ಮಾಡಿದಾಗ ಚಿತ್ರ ಬದಲಾಯಿತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕನ್ಯಾಶುಲ್ಕ ಕೊಡುವ ಸಂಪ್ರದಾಯವುಳ್ಳ ಬುಡಕಟ್ಟುಗಳಲ್ಲಿ ಹೊಸ ಶಾಲೆ ಬಂದೊಡನೆ ಹೆಚ್ಚು ಹುಡುಗಿಯರು ಪ್ರಾಥಮಿಕ ಶಿಕ್ಷಣ ಪೂರೈಸಿದರು. ಆ ಸಂಪ್ರದಾಯವಿಲ್ಲದ ಬುಡಕಟ್ಟುಗಳಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಕಾರಣವನ್ನೂ ಅವರು ಹುಡುಕಿದರು: ಹುಡುಗಿ ಹೆಚ್ಚು ಕಲಿತಷ್ಟೂ ಶುಲ್ಕವೂ ಹೆಚ್ಚುತ್ತಿತ್ತು. ಸುಲಾವೆಸಿ ದ್ವೀಪದ ಬುಗಿಸ್ ಮುಸ್ಲಿಮರಲ್ಲಿ ‘ಪನೈ’ ಎಂಬ ಈ ಹಣದ ಮಾತುಕತೆಯಲ್ಲಿ ಹುಡುಗಿಯ ವಿದ್ಯಾಭ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಕನ್ಯಾಶುಲ್ಕ ಹೆಣ್ಣಿನ ಮನೆಯವರ ಕೈಗೆ ಹೋಗುವಂಥದು. ನಮ್ಮ ಹಳ್ಳಿಗಳಲ್ಲಿ ಹಿಂದೆ ಇದನ್ನೇ ‘ತೆರ’ ಎನ್ನುತ್ತಿದ್ದರು. ಮಹ್ರ್ ಅದಲ್ಲ. ಮಹ್ರ್ ವಧುವಿನ ಸ್ವಂತ ಹಕ್ಕು. ಬುಗಿಸ್ ಜನರಲ್ಲೂ ಇವೆರಡು ಬೇರೆ ಬೇರೆಯಾಗಿಯೇ ಇವೆ. ಮಗಳಿಗೆ ಬೆಲೆ ಕಟ್ಟುವ ಪದ್ಧತಿಯನ್ನು ನಾವು ಹೊಗಳುತ್ತಿಲ್ಲ. ಅದರ ಹೊರೆಯಿಂದ ಮದುವೆಯೇ ಮುಂದಕ್ಕೆ ಹೋಗುವ ತರುಣರೂ ಅಲ್ಲಿದ್ದಾರೆ. ನಾವು ಗಮನಿಸಬೇಕಾದುದು ಒಂದನ್ನೇ. ಅದೇ ಸರಕಾರ, ಅದೇ ಯೋಜನೆ, ಅದೇ ಬಗೆಯ ಶಾಲೆ. ಆದರೆ ಹೆಣ್ಣುಮಗು ಆ ಶಾಲೆಯಲ್ಲಿ ಕೊನೆಯವರೆಗೆ ಉಳಿಯಿತೇ ಇಲ್ಲವೇ ಎಂಬುದರ ಮೇಲೆ ಮದುವೆಯ ಕಟ್ಟುಪಾಡು ಪ್ರಭಾವ ಬೀರಿತು.

ಈಗ ಆ ಕನ್ನಡಿಯನ್ನು ನಮ್ಮತ್ತ ತಿರುಗಿಸೋಣ. ನಮ್ಮ ದೇಶದಲ್ಲಿ ಹಣ ಹರಿಯುವುದು ತದ್ವಿರುದ್ಧ ದಿಕ್ಕಿನಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆದರೆ ಗ್ರಾಮೀಣ ಭಾರತದಲ್ಲಿ 1960ರಿಂದ 2008ರವರೆಗೆ ನಡೆದ ಸುಮಾರು 40,000 ಮದುವೆಗಳನ್ನು ಪರಿಶೀಲಿಸಿದ ಸಂಶೋಧಕರು ಶೇ. 95ರಷ್ಟು ಮದುವೆಗಳಲ್ಲಿ ವರದಕ್ಷಿಣೆ ಕೊಡಲಾಗಿತ್ತೆಂದು ಕಂಡುಕೊಂಡರು. ಎಸ್. ಅನುಕೃತಿ, ಸುಂಗೋ ಕ್ವಾನ್ ಮತ್ತು ನಿಶಿತ್ ಪ್ರಕಾಶ್ ಅವರ 2022ರ ಅಧ್ಯಯನದ ಪ್ರಕಾರ, ಚೊಚ್ಚಲ ಮಗು ಹೆಣ್ಣಾಗಿದ್ದು, ಮುಂದೆ ಹೆಚ್ಚು ವರದಕ್ಷಿಣೆ ತೆರಬೇಕಾದ ನಿರೀಕ್ಷೆಯಿದ್ದಲ್ಲಿ ಹೆತ್ತವರು ವರ್ಷಗಳ ಮೊದಲೇ ಹೆಚ್ಚು ಉಳಿತಾಯ ಮಾಡತೊಡಗುತ್ತಾರೆ. ಅದಕ್ಕಾಗಿ ತಂದೆ ಹೆಚ್ಚು ದುಡಿಯುತ್ತಾನೆ.

ಈ ಸಾಲನ್ನು ಓದಿದಾಗ ನಮಗೆ ನಮ್ಮ ತಂದೆಯವರ ನೆನಪಾಯಿತು. ಅವರು ಮಗಳನ್ನು ಕಡೆಗಣಿಸಿದವರಲ್ಲ. ಅಕ್ಕನಿಗಾಗಿ ಅವರು ದುಡಿದಷ್ಟು ನಮಗಾಗಿ ದುಡಿಯಲಿಲ್ಲ. ರಾತ್ರಿಪಾಳಿ ಮಾಡಿದರು, ಹಬ್ಬಕ್ಕೆ ಹೊಸ ಅಂಗಿ ತೊಡಲಿಲ್ಲ. ಆದರೆ ಆ ಬೆವರೆಲ್ಲ ಚಿನ್ನವಾಯಿತು, ಮಂಟಪದ ಬಾಡಿಗೆಯಾಯಿತು, ವರನ ಕಡೆಯವರ ಊಟವಾಯಿತು. ಹೈಸ್ಕೂಲಿನ ಬಸ್ಸಿನ ಪಾಸು ಮಾತ್ರ ಆಗಲಿಲ್ಲ. ನಮ್ಮ ಸಮುದಾಯದ ತಂದೆ ಮಗಳ ಭವಿಷ್ಯಕ್ಕಾಗಿ ಖರ್ಚು ಮಾಡುವುದಿಲ್ಲ ಎಂಬ ಆರೋಪ ಸುಳ್ಳು, ಸಹೋದರರೇ. ಆತ ಖರ್ಚು ಮಾಡುತ್ತಾನೆ. ಎಲ್ಲಿ ಮಾಡಬೇಕೆಂಬುದನ್ನು ನಾವು, ಅಂದರೆ ಮದುವೆಯ ಮಾತುಕತೆಗೆ ಕುಳಿತುಕೊಳ್ಳುವ ಹಿರಿಯರು, ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ.

ಹಾಗೆ ಕಳೆದುಕೊಂಡದ್ದು ಎಷ್ಟು? ಇದಕ್ಕೂ ಇಂಡೋನೇಷ್ಯಾದಲ್ಲಿ ಲೆಕ್ಕ ಸಿಗುತ್ತದೆ. ರಿಚರ್ಡ್ ಅಕ್ರೆಶ್, ಡೇನಿಯಲ್ ಹಲೀಮ್ ಮತ್ತು ಮರೀಕೆ ಕ್ಲೀಮನ್ಸ್ ಎಂಬ ಸಂಶೋಧಕರು ಯೋಜನೆ ಜಾರಿಯಾಗಿ 43 ವರ್ಷಗಳಾದ ಬಳಿಕ ಅಂದಿನ ಮಕ್ಕಳು ಎಲ್ಲಿದ್ದಾರೆ, ಏನಾಗಿದ್ದಾರೆ ಎಂದು ನೋಡಿದರು. 2023ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಲಿಕೆಯ ಲಾಭ ಪುರುಷರಲ್ಲೂ ಮಹಿಳೆಯರಲ್ಲೂ ಉಳಿದಿರುವುದು ಕಂಡುಬಂತು. ಆದ್ದರಿಂದ ಹುಡುಗಿಯರಿಗೆ ಏನೂ ದಕ್ಕಲಿಲ್ಲ ಎನ್ನುವಂತಿಲ್ಲ. ಕಟ್ಟುಪಾಡಿಗೆ ತಕ್ಕಂತೆ ಅವರ ಪಾಲು ಬೇರೆ ಬೇರೆಯಾಯಿತು ಎನ್ನಬೇಕು. ಶಾಲೆಯ ಲಾಭ ಪಡೆದ ಪುರುಷರು ಬೇಸಾಯದಾಚೆಗೆ ಭದ್ರ ಉದ್ಯೋಗಗಳನ್ನು ಹಿಡಿದಿದ್ದರು. ಲಾಭ ಪಡೆದ ಮಹಿಳೆಯರಿದ್ದ ಮನೆಗಳ ಜೀವನಮಟ್ಟ ಸುಧಾರಿಸಿತ್ತು. ಆ ಮನೆಗಳು ಸರಕಾರಕ್ಕೆ ಹೆಚ್ಚು ತೆರಿಗೆ ಕಟ್ಟುತ್ತಿದ್ದವು. ಶಾಲೆಗಳಿಗೆ ತೊಡಗಿಸಿದ ಹಣ 30ರಿಂದ 50 ವರ್ಷಗಳೊಳಗೆ ಮರಳಿ ಬರುತ್ತದೆಂದು ಅವರು ಲೆಕ್ಕ ಹಾಕಿದ್ದಾರೆ.

ಆ ಅಧ್ಯಯನದ ಒಂದು ಮಾತನ್ನು ಇಲ್ಲಿರುವ ಪ್ರತಿಯೊಬ್ಬ ತಂದೆಯೂ ಮನೆಗೆ ಕೊಂಡೊಯ್ಯಬೇಕು. ಶಾಲೆಯ ಲಾಭ ಮುಂದಿನ ತಲೆಮಾರಿಗೆ ದಾಟಿದ್ದು ತಾಯಿಯ ಮೂಲಕ. ತಂದೆಯ ಮೂಲಕ ಅಲ್ಲ. ತಾಯಿಗೆ ಪ್ರಾಥಮಿಕ ಶಾಲೆ ದಕ್ಕಿದಲ್ಲಿ ಆಕೆಯ ಮಕ್ಕಳು ಹೆಚ್ಚು ಓದಿದರು. ಆ ಹೆಚ್ಚಳ ಅತಿಹೆಚ್ಚು ಕಂಡದ್ದು ಪಿಯುಸಿ ಮತ್ತು ಕಾಲೇಜಿಗೆ ಸಮನಾದ ಹಂತಗಳಲ್ಲಿ. ಅಜ್ಜಿಯ ಊರಿನಲ್ಲಿ ಕಟ್ಟಿದ ಮೂರು ಕೋಣೆಯ ಶಾಲೆ ಮೊಮ್ಮಗನನ್ನು ಕಾಲೇಜಿಗೆ ಕಳುಹಿಸುವುದೆಂದರೆ ಇದೇ. ನಮ್ಮ ಸೈಕಲ್ ನಮ್ಮೊಬ್ಬರನ್ನು ಹೈಸ್ಕೂಲಿಗೆ ಒಯ್ದಿತು. ಅಕ್ಕನಿಗೊಂದು ಸೈಕಲ್ ಸಿಕ್ಕಿದ್ದರೆ ಅದರ ಹಿಂದಿನ ಸೀಟಿನಲ್ಲಿ ಆಕೆಯ ಮಕ್ಕಳೂ ಕುಳಿತಿರುತ್ತಿದ್ದರು.

ಹಾಗಾದರೆ ಸರಕಾರದ ಹೊಣೆ ಇಲ್ಲವೇ? ಖಂಡಿತ ಇದೆ. 2006ರ ಸಾಚಾರ್ ಸಮಿತಿಯ ವರದಿ, 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳ ಪೈಕಿ ಶೇ. 25ರಷ್ಟು ಮಂದಿ ಶಾಲೆಗೆ ಹೋಗಿಯೇ ಇಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆಂದು ಹೇಳಿತು. ಇದಕ್ಕೆಲ್ಲ ಮದ್ರಸವೇ ಕಾರಣವೆನ್ನುವವರಿಗೂ ಅದರಲ್ಲಿ ಉತ್ತರವಿದೆ: ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಕ್ಕೆ ಹೋಗುವವರು ಶೇ. 3ರಷ್ಟು ಮಾತ್ರ. ಅಂಜಲಿ ಅಡುಕಿಯಾ, ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಮತ್ತು ಸಂಗಡಿಗರು 2023ರಲ್ಲಿ ಹೊರತಂದ ಅಧ್ಯಯನ ಭಾರತದ ನಗರ, ಹಳ್ಳಿಗಳ 15 ಲಕ್ಷ ನೆರೆಹೊರೆಗಳನ್ನು ನೋಡಿದೆ. ನಗರಗಳೊಳಗೆ ಮುಸ್ಲಿಮರು ಮತ್ತು ಪರಿಶಿಷ್ಟ ಜಾತಿಯವರು ಹೆಚ್ಚಾಗಿರುವ ಬಡಾವಣೆಗಳಲ್ಲಿ ಶಾಲೆ, ಆಸ್ಪತ್ರೆಯಂತಹ ಸರಕಾರಿ ಸೌಲಭ್ಯಗಳು ಕಡಿಮೆ ಇವೆಯೆಂದು ಅದು ತೋರಿಸಿದೆ. ಈ ತಾರತಮ್ಯ ಜಿಲ್ಲೆಯ ಸರಾಸರಿಯಲ್ಲಿ ಕಾಣುವುದಿಲ್ಲ. ಒಂದೇ ಊರಿನ ಈ ಬಡಾವಣೆ ಮತ್ತು ಆ ಬಡಾವಣೆಯ ನಡುವೆ ಅಡಗಿರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಶಾಲೆಗಳು ಸಾಕಷ್ಟಿವೆ ಎಂದು ಅಧಿಕಾರಿ ಹೇಳಿದರೆ ಅದು ಸುಳ್ಳಾಗಿರಲಾರದು. ಆದರೆ ನಿಮ್ಮ ಮೊಹಲ್ಲಾದ ಮಗುವಿಗೆ ಅದು ಉತ್ತರವೂ ಆಗಲಾರದು.

2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ರೂಪಿಸಿದ ನಿಯಮಗಳು 5ನೇ ತರಗತಿಯವರೆಗಿನ ಶಾಲೆ 1 ಕಿಲೋಮೀಟರ್ ಒಳಗೆ, 8ರವರೆಗಿನದು 3 ಕಿಲೋಮೀಟರ್ ಒಳಗೆ ಇರಬೇಕೆನ್ನುತ್ತವೆ. ಆ ಹಕ್ಕು 14ರ ವಯಸ್ಸಿಗೆ ನಿಂತುಬಿಡುತ್ತದೆ. ನಮ್ಮ ಹುಡುಗಿಯರ ದಾರಿ ಕಡಿದುಹೋಗುವುದೂ ಸರಿಸುಮಾರು ಅಲ್ಲಿಯೇ.

ಆದ್ದರಿಂದ ಈ ಸಭೆಯ ಮುಂದೆ ನಮ್ಮ ಬೇಡಿಕೆ ಎರಡೇ. ಒಂದು ಸರಕಾರದ ಬಾಗಿಲಿಗೆ, ಇನ್ನೊಂದು ನಮ್ಮದೇ ಬಾಗಿಲಿಗೆ.

ಮೊದಲನೆಯದು: ಇಂಡೋನೇಷ್ಯಾದ ಆ ನಿಯಮವನ್ನು ನಾವೇ ಪಾಲಿಸೋಣ. ಹೊರಗುಳಿದ ಮಕ್ಕಳ ತಲೆ ಎಣಿಸೋಣ. ನಿಮ್ಮ ವಾರ್ಡಿನಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು? ಅವರಲ್ಲಿ ಹುಡುಗಿಯರೆಷ್ಟು? ಯಾವ ತರಗತಿಯಲ್ಲಿ ಬಿಟ್ಟರು? ಹತ್ತಿರದ ಸರಕಾರಿ ಹೈಸ್ಕೂಲು ಎಷ್ಟು ದೂರದಲ್ಲಿದೆ? ಹತ್ತು ಮಂದಿ ತರುಣರು ನಾಲ್ಕು ಭಾನುವಾರಗಳಲ್ಲಿ ಮಾಡಬಹುದಾದ ಕೆಲಸವಿದು. ಆ ಪಟ್ಟಿ ಕೈಯಲ್ಲಿದ್ದರೆ ಮನವಿಪತ್ರಕ್ಕೆ ತೂಕ ಬರುತ್ತದೆ. ಸರಕಾರಿ ಶಾಲೆಯಲ್ಲಿ ಮಕ್ಕಳಿರುವ ಪೋಷಕರು ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಲಿ. ಪಟ್ಟಿಯನ್ನು ಅಲ್ಲಿ ಮೊದಲು ಮಂಡಿಸಲಿ.

ಎರಡನೆಯದು: ಮದುವೆಯ ಮಾತುಕತೆಯಲ್ಲಿ ಕೇಳುವ ಪ್ರಶ್ನೆಯನ್ನು ಬದಲಿಸೋಣ. ಎಷ್ಟು ಕೊಡುತ್ತೀರಿ ಎಂದು ಕೇಳುವ ಮನೆಗೆ ಹುಡುಗಿ ಕೊಡಬೇಡಿ; ಹಾಗೆ ಕೇಳುವ ಮನೆ ನಮ್ಮದಾಗದಿರಲಿ. ಹುಡುಗಿ ಎಲ್ಲಿಯವರೆಗೆ ಓದಿದ್ದಾಳೆ, ಮುಂದೆ ಓದುವ ಇಚ್ಛೆಯಿದೆಯೇ ಎಂದು ಗಂಡಿನ ಕಡೆಯ ಹಿರಿಯರೇ ಮೊದಲು ಕೇಳಲಿ. ಉಲಮಾಗಳಲ್ಲಿ ನಮ್ಮ ಅರಿಕೆಯಿಷ್ಟೇ: ನಿಕಾಹ್ ಖುತ್ಬಾದ ವೇಳೆ ಆ ಮಾತನ್ನು ತಾವೂ ಎತ್ತಿ ಹೇಳಿ. ಮದುವೆಗೆಂದು ಕೂಡಿಡುವ ಹಣದಲ್ಲಿ ಮೊದಲ ಪಾಲು ಹೈಸ್ಕೂಲು ಮತ್ತು ಪಿಯುಸಿಯ ವರ್ಷಗಳ ಬಸ್ಸಿಗೆ, ಪುಸ್ತಕಕ್ಕೆ ಹೋಗಲಿ.

ಅಕ್ಕನ ಹಿರಿಯ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಹೈಸ್ಕೂಲು ಇಂದಿಗೂ ಆ 4 ಕಿಲೋಮೀಟರ್ ದೂರದಲ್ಲಿಯೇ ಇದೆ. ಆಕೆಗೆ ಸೈಕಲ್ ಬಂದಿದೆ. ಕೊಡಿಸಿದವಳು ಅಕ್ಕನೇ, ತನ್ನ ಹೊಲಿಗೆಯ ದುಡಿಮೆಯಿಂದ.

ಎಣಿಕೆಯ ಪಟ್ಟಿಯೊಂದಿಗೆ ಮುಂದಿನ ಸಭೆಗೆ ಬನ್ನಿ.